ಗಿರಿಯಪ್ಪನ ಹೆಸರಿನ ಕಾಫಿ

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ನಾಡಬೆಳಕು ಪಕ್ಷದವರು ಕಾಫಿ ಅಂಗಡಿ ತೆಗೆದು ನಾಲ್ಕು ತಿಂಗಳಾಗಿತ್ತು. ಮೈಲೇಶ ಒಂದು ದಿನವೂ ಅದರ ಮೆಟ್ಟಿಲು ಹತ್ತಿರಲಿಲ್ಲ. ದಿನಾ ಮುಂಜಾನೆ ರಾಣೇಬೆನ್ನೂರಿನ ಗ್ಯಾರೇಜಿಗೆ ಹೋಗುವ ಬಸ್ಸು ಹಿಡಿಯಲು ಅದರ ಮುಂದೆಯೇ ಹಾಯಬೇಕು. ಹಾಯುವಾಗ ಮುಖ ಆಚೆ ತಿರುಗಿಸಿ, ಹಲ್ಲು ಕಚ್ಚಿಕೊಂಡು, ನಡಿಗೆ ಜೋರು ಮಾಡುತ್ತಿದ್ದ. ಒಳಗೆ ಕಾಫಿ ಸೋಸುವ ಕೊಟ್ರೇಶ ಅವನ ಜೊತೆಗೇ ಏಳನೇ ತರಗತಿಯವರೆಗೆ ಓದಿದವನು. ಮೊದಮೊದಲು 'ಬಾರಲೇ ಮೈಲ್ಯಾ' ಅಂತ ಕರೆಯುತ್ತಿದ್ದ. ಎರಡು ಸಲ ಬೈಸಿಕೊಂಡ ಮೇಲೆ ಕರೆಯುವುದು ಬಿಟ್ಟ.

ಅದು ಮೊದಲು ಪಕ್ಷದ ಕಚೇರಿಯೇ. ನಾಲ್ಕು ಕುರ್ಚಿ, ಒಂದು ಫ್ಯಾನು, ಗೋಡೆಗೆ ದೊಡ್ಡವರ ಫೋಟೋ. ನೊಣ ಸಹ ಒಳಗೆ ಬರುತ್ತಿರಲಿಲ್ಲ. ಕಚೇರಿಗೆ ಬಾರದ ಜನ ಕಾಫಿಗೆ ಬರುತ್ತಾರೆಂದು ಬೆಂಗಳೂರಿನ ಮುಖಂಡರ ತಲೆಯಲ್ಲಿ ಯಾರೋ ಹುಳ ಬಿಟ್ಟರು. ಗೋಡೆಗೆ ನೇರಳೆ ಬಣ್ಣ ಬಂತು, ಒಲೆ ಬಂತು, ಹಿತ್ತಾಳೆಯ ಫಿಲ್ಟರ್ ಬಂತು. ಈ ಕಡೆಯ ಜನ ಕುಡಿಯುವುದು ಚಾ ಎಂದು ಅವರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಒಂದು ವಾರ ಅಂಗಡಿ ಖಾಲಿ ಹೊಡೆಯಿತು. ಆಗ ತಾಲೂಕು ಅಧ್ಯಕ್ಷ ಪ್ರಭುಲಿಂಗಪ್ಪ ಸಾವ್ಕಾರನಿಗೆ ಮಠದ ದಾಸೋಹದ ನೆನಪಾಯಿತು. ಮಠದಲ್ಲಿ ಹೇಗೆ ಅವತ್ತಿನ ಪ್ರಸಾದ ಯಾರದೆಂದು ಹಲಗೆಯ ಮೇಲೆ ಬರೆಯುತ್ತಾರೋ, ಹಾಗೆಯೇ ಇಲ್ಲಿಯೂ ದಿನಕ್ಕೊಬ್ಬ ದಾನಿ. ಹುಟ್ಟಿದ ದಿನ, ಮದುವೆಯ ದಿನ, ಸತ್ತವರ ತಿಥಿ, ಯಾವುದಾದರೂ ನಡೆದೀತು. ಅವತ್ತಿನ ಕಾಫಿ ಊರಿಗೆಲ್ಲ ಪುಕ್ಕಟೆ. ಪುಕ್ಕಟೆ ಅಂದ ಮೇಲೆ ಕಾಫಿಯಾದರೇನು, ಕಷಾಯವಾದರೇನು. ಮೆಣಸಿನಕಾಯಿ ಮಾರ್ಕೆಟ್ಟಿನ ಹಮಾಲರೆಲ್ಲ ಮುಂಜಾನೆ ಅಲ್ಲೇ ಸಾಲುಗಟ್ಟಿದರು.

ಹಲಗೆಗೆ ಒಂದು ನೇಮವೂ ಹುಟ್ಟಿತು. ಮೊದಲು ಕೊಟ್ರೇಶನೇ ಬರೆಯುತ್ತಿದ್ದ. ಒಬ್ಬ ದಾನಿಯ ಹೆಸರು ಗೇಣುದ್ದ, ಇನ್ನೊಬ್ಬನದು ಬೆರಳುದ್ದ ಬರೆದನೆಂದು ಇಬ್ಬರು ಕೊರಳಪಟ್ಟಿ ಹಿಡಿದಾಡಿದರು. ಅಂದಿನಿಂದ ದಾನಿ ಮುಂಜಾನೆ ಅಂಗಡಿ ತೆಗೆಯುವಾಗ ಬಂದು ತನ್ನ ಕೈಯಿಂದಲೇ ಬರೆಯಬೇಕು. ಹತ್ತು ಗಂಟೆಗೆ ಮತ್ತೆ ಬಂದು, ಹಲಗೆಯ ಪಕ್ಕ ನಿಂತು ಕಾಫಿ ಕುಡಿಯುತ್ತ ಫೋಟೋ ತೆಗೆಸಿಕೊಳ್ಳಬೇಕು. ಆ ಫೋಟೋ ಪಕ್ಷದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಅಲ್ಲಿಂದ ಊರ ತುಂಬ.

ಆ ಗುರುವಾರ ಮೈಲೇಶ ಗ್ಯಾರೇಜಿಗೆ ರಜೆ ಹಾಕಿದ್ದ. ಅಪ್ಪ ಸತ್ತು ಅವತ್ತಿಗೆ ಒಂದು ವರ್ಷ. ಅವ್ವ ಉಚ್ಚಂಗೆವ್ವ ನಸುಕಿನಲ್ಲೇ ಎದ್ದು ಹೋಳಿಗೆಗೆ ಬೇಳೆ ಇಟ್ಟು, ಬಾಳೆಹಣ್ಣು ಮತ್ತು ಊದಿನಕಡ್ಡಿ ತರಲು ಅವನನ್ನು ಅಟ್ಟಿದ್ದಳು. ಅಂಗಡಿಯ ಮುಂದೆ ಮುಖ ತಿರುಗಿಸುವ ಹೊತ್ತಿಗೇ ಕಣ್ಣಂಚಿನಲ್ಲಿ ಅಪ್ಪನ ಹೆಸರು ಕಂಡಿತು.

ನಿಂತ. ತಿರುಗಿ ಓದಿದ.

'ಇಂದಿನ ಕಾಫಿ ನಮ್ಮ ಗೋದಾಮಿನಲ್ಲಿ ದುಡಿದು ನಮ್ಮನ್ನು ಅಗಲಿದ ಹಮಾಲ ಗಿರಿಯಪ್ಪನ ಸ್ಮರಣಾರ್ಥ. ದಾನಿ: ಪ್ರಭುಲಿಂಗಪ್ಪ.'

ಇದೇ ಪ್ರಭುಲಿಂಗಪ್ಪನ ಗೋದಾಮಿನಲ್ಲಿ ಚೀಲದ ನಿಟ್ಟು ಕುಸಿದು ಅಪ್ಪ ಅಡಿಯಲ್ಲಿ ಸಿಕ್ಕಿದ್ದ. ಮೆಣಸಿನಕಾಯಿ ಚೀಲ ಹಗುರ ಅನ್ನುವವರು ಒಮ್ಮೆ ಅರವತ್ತು ಚೀಲ ಎದೆಯ ಮೇಲೆ ಹಾಕಿಕೊಂಡು ನೋಡಬೇಕು. ಹೆಣ ಮನೆಗೆ ಬಂದ ದಿನ ಸಾವ್ಕಾರ ಅಂಗಳದಲ್ಲಿ ನಿಂತು ಅತ್ತಿದ್ದ. ಉಚ್ಚಂಗೆವ್ವ ಹಾವೇರಿಯ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟ ಮೇಲೆ ಅದೇ ಸಾವ್ಕಾರನ ಸಹಿಯಲ್ಲಿ ಉತ್ತರ ಬಂತು: 'ಮೃತನು ನಮ್ಮಲ್ಲಿ ಎಂದೂ ಕೆಲಸಕ್ಕಿರಲಿಲ್ಲ. ಅನುಮತಿ ಇಲ್ಲದೆ ಗೋದಾಮಿನೊಳಗೆ ನುಗ್ಗಿದ್ದನು.' ಅನುಮತಿ ಇಲ್ಲದೆ ಗೋದಾಮಿಗೆ ನುಗ್ಗುವವನನ್ನು ಊರು ಏನೆಂದು ಕರೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎರಡು ತಿಂಗಳ ಹಿಂದೆ ನಳದ ಮುಂದೆ ಕೊಡದ ಜಗಳದಲ್ಲಿ ಯಾರೋ ಹೆಂಗಸು ಅದನ್ನು ಬಾಯಿಬಿಟ್ಟೂ ಅಂದಿದ್ದಳು. ಅವತ್ತಿನಿಂದ ಅವ್ವ ನೀರಿಗೆ ಹೋಗುವುದು ಎಲ್ಲರೂ ತುಂಬಿಸಿಕೊಂಡು ಹೋದ ಮೇಲೆ.

ಮೈಲೇಶ ಮೆಟ್ಟಿಲು ಹತ್ತಿದ. ಒಳಗೆ ಹತ್ತು ಹನ್ನೆರಡು ಹಮಾಲರು ನಿಂತುಕೊಂಡೇ ಕಪ್ಪು ಹಿಡಿದಿದ್ದರು. ಅಪ್ಪನ ಜೋಡಿಯಲ್ಲಿ ಚೀಲ ಎತ್ತುತ್ತಿದ್ದ ಸಲಾವುದ್ದೀನ ಕಾಕಾ ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತಿದ್ದ. ಮೈಲೇಶನನ್ನು ನೋಡಿದ್ದೇ ಕಪ್ಪನ್ನು ಬೆಂಚಿನ ಕೆಳಗೆ ಇಟ್ಟ.

"ಕುಡೀರಿ ಕಾಕಾ, ಯಾಕ ಮುಚ್ಚಿಡ್ತೀರಿ," ಅಂದ ಮೈಲೇಶ. "ಸಾಕ್ಷಿ ಹೇಳ್ರಿ ಅಂದ್ರ ಬಾಯಿ ಒಣಗತೈತಿ. ಕಾಫಿಗೆ ಒಣಗಂಗಿಲ್ಲ."

ಸಲಾವುದ್ದೀನ ನೆಲ ನೋಡಿದ. ಉಳಿದವರು ಕಪ್ಪಿನೊಳಗೆ ಮುಖ ಹಾಕಿದರು. ಎಲ್ಲರೂ ಇವತ್ತಿಗೂ ಸಾವ್ಕಾರನ ಗೋದಾಮಿನಲ್ಲೇ ದುಡಿಯುವವರು.

ಕೊಟ್ರೇಶ ಒಲೆಯ ಹಿಂದಿನಿಂದ ಅಂದ, "ಲೇ ಮೈಲ್ಯಾ, ತಿಥಿ ದಿನ ಜಗಳ ತಗೀಬ್ಯಾಡ. ಸಾವ್ಕಾರ್ರು ಛಲೋ ಮನಸಿನಿಂದ ಮಾಡ್ಯಾರ. ಪುರಸಭೆ ಇಲೆಕ್ಷನ್ ಐತಿ ಖರೇ, ಆದ್ರೂ ಮನಸು ಛಲೋನ ಐತಿ."

"ಅರಿವಿ ಕೊಡು."

"ಯಾವ ಅರಿವಿ?"

ಮೈಲೇಶ ಕಟ್ಟೆಯ ಮೇಲೆ ಬಿದ್ದಿದ್ದ ಒದ್ದೆ ಬಟ್ಟೆ ತಾನೇ ಎತ್ತಿಕೊಂಡ. ಹಲಗೆಯ ಮೇಲೆ ಎರಡೇ ಸಲ ಕೈಯಾಡಿಸಿದ. ಗೋದಾಮು ಹೋಯಿತು, ಹಮಾಲ ಹೋಯಿತು, ಪ್ರಭುಲಿಂಗಪ್ಪನೂ ಹೋದ. ಅಪ್ಪನ ಹೆಸರಿನ ಮೇಲೆ ಬಟ್ಟೆ ಬಂದಾಗ ಕೈ ಒಂದು ಕ್ಷಣ ತಡೆಯಿತು. ಅದನ್ನೂ ಒರಸಿದ. ಬಟ್ಟೆಯನ್ನು ಕೊಟ್ರೇಶನ ಎದೆಗೆ ಒಗೆದ.

"ನಮ್ಮಪ್ಪ ಅವನ ಗೋದಾಮಿಗೆ ಕದಿಯಾಕ ಹೋಗಿದ್ನಲ್ಲ, ಕಳ್ಳನ ಹೆಸರಿಲೆ ಯಾಕ ಕಾಫಿ ಕುಡಸ್ತಾನಂತ ಕೇಳು ನಿಮ್ಮ ಸಾವ್ಕಾರನ್ನ."

ಕೊಟ್ರೇಶನ ಮುಖ ಬಿಳಚಿತು. "ಲೇ, ಹಲಿಗಿ ಪಕ್ಷದ್ದೈತಿ. ಫೋಟೋ ಸೈತ ಆಗಿಲ್ಲ ಇನ್ನ. ಸಾವ್ಕಾರ್ರು ಪೊಲೀಸ್ ಕಂಪ್ಲೇಂಟ್ ಕೊಟ್ರ ನಾ ಅಡ್ಡ ಬರಂಗಿಲ್ಲ ನೋಡು."

"ಕೊಡ್ಲಿ."

ಕೊಡಲಿ ಅಂದು ಹೊರಗೆ ಬಂದವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಣ್ಣಿನ ಗಾಡಿಯವರೆಗೆ ಹೋದ, ಹಣ್ಣು ಕೊಳ್ಳದೆ ತಿರುಗಿ ಬಂದ. ರಸ್ತೆ ದಾಟಿದ, ಮತ್ತೆ ದಾಟಿದ. ಕೈಗೆ ಹತ್ತಿದ ಸುಣ್ಣದ ಬಳಪದ ನೀರು ಪ್ಯಾಂಟಿಗೆ ಒರಸಿಕೊಂಡ. ಪೊಲೀಸ್ ಅಂದರೆ ಅವ್ವ ಹೆದರುತ್ತಾಳೆ. ನಾಳೆ ಶುಕ್ರವಾರ ಹಾವೇರಿಯಲ್ಲಿ ವಿಚಾರಣೆ ಬೇರೆ ಇದೆ. ಕೊನೆಗೆ ತಮ್ಮ ಪರವಾಗಿ ಕೇಸು ನಡೆಸುತ್ತಿದ್ದ ಹಾವೇರಿಯ ವಕೀಲೆ ಶ್ರೀದೇವಿಗೆ ಫೋನು ಹಚ್ಚಿದ.

"ಮೇಡಂ, ಹಲಿಗಿ ಮ್ಯಾಲಿಂದು ಒರಸಿದ್ರ ಕೇಸ್ ಆಗತೈತೇನ್ರಿ?"

"ಯಾವ ಹಲಿಗಿ? ಏನು ಒರಸೀದಿ?"

ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು, ಹೆಮ್ಮೆಯೂ ಸೇರಿತು.

"ಮೇಡಂ?"

"ಏನು ಬರದಿತ್ತು ಅದರ ಮ್ಯಾಲೆ? ಒಂದೂ ಬಿಡದಂಗ ಹೇಳು."

ಒಂದೂ ಬಿಡದೆ ಹೇಳಿದ. ಸಿಟ್ಟಿನಲ್ಲಿ ಓದಿದ್ದು ಕಬ್ಬಿಣದ ಬರೆಯ ಹಾಗೆ ತಲೆಯಲ್ಲಿ ಕೂತಿತ್ತು.

"ಸ್ವಂತ ಕೈಯಿಂದ ಬರದಿದ್ರಾ?"

"ಹೌದ್ರಿ. ಅಲ್ಲಿ ನೇಮಾನ ಹಂಗೈತಿ."

ಶ್ರೀದೇವಿ ಉಸಿರು ಬಿಟ್ಟಿದ್ದು ಫೋನಿನಲ್ಲಿ ಕೇಳಿತು. "ಮೈಲೇಶ, ಇಷ್ಟು ತಿಂಗಳಿಂದ ನಿನಗ ಏನು ಕೇಳಾಕತ್ತೇನಿ ನಾ? ನಿಮ್ಮಪ್ಪ ಅವರ ಕಡೆ ದುಡೀತಿದ್ದ ಅನ್ನಾಕ ಒಂದ ಒಂದು ಚೀಟಿ ತೊಗೊಂಡು ಬಾ ಅಂತ. ಹಾಜರಿ ಪುಸ್ತಕ ಇಲ್ಲ ಅಂದಿ. ಸಾಕ್ಷಿ ಬರಂಗಿಲ್ಲ ಅಂದಿ. ಇವತ್ತು ಅವರ ತಾವ ಬರದು ನಡು ರಸ್ತಾದಾಗ ಇಟ್ಟಿದ್ರು. ನೀ ಹೋಗಿ ಒರಸಿ ಬಂದಿ."

ಮೈಲೇಶ ಅಲ್ಲೇ ಇದ್ದ ಲೈಟಿನ ಕಂಬಕ್ಕೆ ಒರಗಿದ.

"ಫೋಟೋ ಯಾರರ ತಗದಾರೇನು?"

"ಇಲ್ರಿ. ಹತ್ತಕ್ಕ ತಗೀತಾರ. ಸಾವ್ಕಾರ ಬಂದ ಮ್ಯಾಲೆ."

"ಹಂಗಾದ್ರ ಹತ್ತರ ತನಕ ಟೈಮ್ ಐತಿ. ಅವರ ಬರೀಬೇಕು, ಅವರ ಮುಖ ಬರಬೇಕು, ಅಕ್ಷರ ಕಾಣಬೇಕು. ಜಗಳ ತಗದ್ರ ಬರಿಯಂಗಿಲ್ಲ. ತಿಳೀತಿಲ್ಲೋ?"

ತಿಳಿಯಿತು. ಎಂಟನೇ ತರಗತಿ ಅರ್ಧಕ್ಕೆ ಬಿಟ್ಟಿದ್ದೂ ಹೀಗೆಯೇ, ಮಾಸ್ತರ ಒಂದು ಮಾತು ಅಂದನೆಂದು ಪಾಟಿಚೀಲ ಬಿಸಾಕಿ ಬಂದು. ಆಮೇಲೆ ಆ ಮಾಸ್ತರ ಊರು ಬಿಟ್ಟು ಹೋದ, ಮೈಲೇಶ ಮಾತ್ರ ಶಾಲೆಗೆ ಹೋಗಲಿಲ್ಲ. ಸಿಟ್ಟು ಬಂದಾಗಲೆಲ್ಲ ಅವನ ಕೈಗೆ ಸಿಗುವುದು ಅವನದೇ ವಸ್ತು. ಮೊಬೈಲಿನಲ್ಲಿ ಒಂಬತ್ತೂ ಹತ್ತು ಆಗಿತ್ತು.

ತಿರುಗಿ ಮೆಟ್ಟಿಲು ಹತ್ತಿದ. ಕೊಟ್ರೇಶ ಸೌಟು ಎತ್ತಿಕೊಂಡ.

"ಹೊಡ್ಯಾಕ ಬಂದಿಲ್ಲಲೇ. ತಪ್ಪಾತು."

"ಏನು?"

"ತಪ್ಪಾತು ಅಂದೆ. ಕಿವಿ ಕೆಟ್ಟಾವೇನು ನಿನ್ನವು?"

"ಇದು ತಪ್ಪಾತು ಅನ್ನೋ ಧಾಟಿ ಏನಲೇ?"

ಮೈಲೇಶ ಹಲಗೆ ಕೆಳಗಿಳಿಸಿ, ಒಣ ಬಟ್ಟೆ ತೆಗೆದುಕೊಂಡು, ಬೂದು ಕಲೆಯೂ ಉಳಿಯದಂತೆ ತಿಕ್ಕಿದ. ಬಳಪದ ತುಂಡನ್ನು ನೆಲಕ್ಕೆ ತೇದು ಮೊನೆ ಮಾಡಿದ. ಹಲಗೆ ಮತ್ತೆ ಮೊಳೆಗೆ ಹಾಕಿದ. ಸೊಟ್ಟ ಅನಿಸಿತು, ಸರಿಮಾಡಿದ. ಕೂತ, ಎದ್ದ, ಬಾಗಿಲಿಗೆ ಬಂದು ರಸ್ತೆ ನೋಡಿದ. ಮಾರ್ಕೆಟ್ಟಿನ ಕಡೆಯಿಂದ ಗಾಳಿ ಬಂದಾಗ ಮೆಣಸಿನಕಾಯಿ ಘಾಟಿಗೆ ಒಬ್ಬರಾದ ಮೇಲೊಬ್ಬರು ಕೆಮ್ಮಿದರು. ಹಮಾಲರಲ್ಲಿ ಕೆಲವರು ಕೆಲಸಕ್ಕೆ ಹೋದರು, ಬೇರೆಯವರು ಬಂದರು. ಸಲಾವುದ್ದೀನ ಹೋಗಲಿಲ್ಲ.

"ಯಾರಿಗೆ ಫೋನ್ ಹಚ್ಚಿದ್ದಿ ತಮ್ಮಾ?" ಅಂದ ಮೆಲ್ಲಗೆ.

ಹೇಳಬಾರದಿತ್ತು. ಆದರೂ ಮೈಲೇಶ ಬೆಂಚಿನ ಮೇಲೆ ಅವನ ಪಕ್ಕ ಕುಳಿತು, ಕೊಟ್ರೇಶನಿಗೆ ಕೇಳಿಸದಂತೆ, ವಕೀಲೆ ಅಂದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟ. ಹೇಳದೆ ಇದ್ದರೆ ಎದೆ ಒಡೆಯುತ್ತಿತ್ತು. ಸಲಾವುದ್ದೀನ ಬೆಂಚಿನ ಕೆಳಗಿನ ತಣ್ಣನೆ ಕಾಫಿ ಎತ್ತಿ ಒಂದೇ ಗುಟುಕಿಗೆ ಕುಡಿದ.

ಹತ್ತೂ ಕಾಲಿಗೆ ಸಾವ್ಕಾರನ ಬಿಳಿ ಕಾರು ನಿಂತಿತು. ಪ್ರಭುಲಿಂಗಪ್ಪ ನೇರಳೆ ಶಲ್ಯ ಸರಿಮಾಡಿಕೊಳ್ಳುತ್ತ ಇಳಿದ. ಹಿಂದೆ ಮೂರು ಜನ. ಒಳಗೆ ಬಂದವನ ಕಣ್ಣು ಮೊದಲು ಹೋದದ್ದು ಹಲಗೆಗೆ, ಆಮೇಲೆ ಮೈಲೇಶನಿಗೆ.

"ಕೊಟ್ರೇಶಿ, ಏನಿದು?"

ಕೊಟ್ರೇಶ ಬಾಯಿ ತೆರೆಯುವ ಮೊದಲೇ ಮೈಲೇಶ ಎದ್ದ. "ನಾನ ಒರಸಿದ್ನಿರಿ ಸಾವ್ಕಾರ್ರ. ಅಪ್ಪನ ಹೆಸರು ನೋಡಿ ತಲಿ ಕೆಡ್ತು. ಈಗ ಸಮಾಧಾನ ಆಗೈತಿ." ಅಲ್ಲಿಯವರೆಗೆ ಸರಾಗ ಬಂತು. ಮುಂದಿನ ಮಾತನ್ನು ಹಗ್ಗ ಹಚ್ಚಿ ಎಳೆಯಬೇಕಾಯಿತು. "ನೀವು ಇನ್ನೊಮ್ಮೆ ಬರೀಬೇಕ್ರಿ. ನಿಮ್ಮ ಕೈಲೇನ."

ಪ್ರಭುಲಿಂಗಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೊರಗೆ ಜನ ಕೂಡಿದ್ದರು. ಸತ್ತ ಹಮಾಲನ ಮಗ, ಕೇಸು ಹಾಕಿದವಳ ಮಗ, ಎಲ್ಲರ ಎದುರಿಗೆ ಕೈಕಟ್ಟಿ ನಿಂತಿದ್ದಾನೆ. ಇದಕ್ಕಿಂತ ದೊಡ್ಡ ಪ್ರಚಾರ ಯಾವ ಫ್ಲೆಕ್ಸಿನಿಂದ ಸಿಕ್ಕೀತು? ಸಾವ್ಕಾರನ ಮುಖ ಸಡಿಲಾಯಿತು. ಮೈಲೇಶನ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಭಾರಕ್ಕೆ ಮೈಲೇಶನ ಮೈಯೆಲ್ಲ ಮುಳ್ಳಾಯಿತು. ಕದಲಲಿಲ್ಲ.

"ಹುಡುಗರ ಸಿಟ್ಟು ನನಗ ಗೊತ್ತಿಲ್ಲೇನಪಾ. ನೀ ನನ್ನ ಮಗ ಇದ್ದಂಗ. ಕೇಸ್ ಗೀಸ್ ಅಂತ ಹಾವೇರಿಗೆ ಯಾಕ ಅಲೀತೀರಿ? ನಾಳೆ ಅವ್ವನ್ನ ಕರಕೊಂಡು ಮನಿಗೆ ಬಾ, ಕುಂತು ಮಾತಾಡೂಣು."

"ಅವ್ವನ್ನ ಕೇಳ್ತೇನ್ರಿ."

"ಕೇಳು, ಕೇಳು."

ಸಾವ್ಕಾರ ಬಳಪ ತೆಗೆದುಕೊಂಡು ಬರೆದ: 'ಇಂದಿನ ಕಾಫಿ ಗಿರಿಯಪ್ಪನ ಸ್ಮರಣಾರ್ಥ. ದಾನಿ: ಪ್ರಭುಲಿಂಗಪ್ಪ.' ಬಳಪ ಇಟ್ಟು ಕೈ ಝಾಡಿಸಿದ. "ಹಾಂ, ಫೋಟೋ ತಗಿ."

ಗೋದಾಮು ಬರಲಿಲ್ಲ. ಹಮಾಲ ಬರಲಿಲ್ಲ. ಮೈಲೇಶ ಸಾವ್ಕಾರನತ್ತ ನೋಡಿದ. ಬೇಕೆಂದೇ ಬಿಟ್ಟನೋ, ಎರಡನೇ ಸಲ ಬರೆಯುವ ಬೇಸರಕ್ಕೆ ಬಿಟ್ಟನೋ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಕೇಳಿದರೆ ಸಂಶಯ, ಕೇಳದಿದ್ದರೆ ಎಲ್ಲ ಮುಗಿಯಿತು. ಕೊಟ್ರೇಶ ಆಗಲೇ ಮೊಬೈಲು ಎತ್ತಿ ಒಂದು ಕಣ್ಣು ಮುಚ್ಚಿದ್ದ. ಮೈಲೇಶನ ಬಲಗೈ ಮುಷ್ಟಿಯಾಗಿತ್ತು. ಇನ್ನೊಂದು ಉಸಿರಿನಷ್ಟು ತಡವಾಗಿದ್ದರೆ ಅವನು ಏನು ಮಾಡುತ್ತಿದ್ದನೋ.

"ಸಾವ್ಕಾರ್ರ," ಅಂದ ಸಲಾವುದ್ದೀನ. ಬೆಂಚಿನಿಂದ ಎದ್ದು ನಿಂತಿದ್ದ. "ಮುಂಜಾನಿ ಬರದಿದ್ದು ಭಾಳ ಛಲೋ ಇತ್ರಿ. ನಮ್ಮ ಗೋದಾಮಿನ ಹಮಾಲ ಅಂತಿತ್ತು. ಓದಿ ನಮ್ಮ ಮಂದಿಗೆಲ್ಲ ಒಂಥರಾ ಆತು. ನಮ್ಮನ್ನ ಹಮಾಲ ಅಂತ ಹಿಂಗ ಎತ್ತಿ ಬರದವರು ಈ ಊರಾಗ ಯಾರೂ ಇಲ್ಲ."

ಹಮಾಲರು ಕಣ್ಣು ಕಣ್ಣು ನೋಡಿದರು. ಒಬ್ಬ, "ಹೌದ್ರಿ, ಅದು ಛಲೋ ಇತ್ತು," ಅಂದ. ಹಿಂದಿನಿಂದ ಇನ್ನೊಬ್ಬನೂ ಹೌದೆಂದ.

"ಓಟಿನ ಮಂದಿ ನೀವು, ನಿಮ್ಮ ಮಾತು ಮೀರಾಕ ಬರತೈತೇನು," ಅಂದು ಸಾವ್ಕಾರ ನಕ್ಕ. ಜೊತೆಗೆ ಬಂದವರೂ ನಕ್ಕರು. ಕಾರ್ಮಿಕ ಕಚೇರಿಗೆ ಹೋದ ಉತ್ತರ ವಕೀಲನ ಕಂಪ್ಯೂಟರಿನಲ್ಲಿ ಹುಟ್ಟಿದ್ದು, ಸಾವ್ಕಾರ ಅದಕ್ಕೆ ಕಾರಿನಲ್ಲಿ ಕುಳಿತೇ ಸಹಿ ಹಾಕಿದ್ದ. ಹಲಗೆಯ ಮೇಲಿನದು ಎದುರಿಗೆ ನಿಂತ ಹನ್ನೆರಡು ಓಟಿನದು. ಎರಡೂ ಒಂದೇ ಮನುಷ್ಯನ ಕೈಯವು ಎಂಬುದು ಅವನಿಗೆ ಹೊಳೆದಂತೆ ಕಾಣಲಿಲ್ಲ. ತಾನೇ ಅಂಗೈಯಿಂದ ಒರಸಿ, ಮತ್ತೆ ಬಳಪ ಎತ್ತಿದ. ಅರ್ಧ ಬರೆದು ನಿಲ್ಲಿಸಿದ.

"ಎಷ್ಟು ವರ್ಷ ಆಗಿತ್ತೋ ಸಲಾವುದ್ದೀನ, ಅಂವ ನಮ್ಮ ಕಡೆ ಸೇರಿ?"

"ಹದಿನಾಕು, ಸಾವ್ಕಾರ್ರ. ನಾನು, ಅಂವ ಒಂದ ದಿನ ಸೇರಿದ್ವಿ."

'ನಮ್ಮ ಗೋದಾಮಿನಲ್ಲಿ ಹದಿನಾಲ್ಕು ವರ್ಷ ನಿಷ್ಠೆಯಿಂದ ದುಡಿದು ಅಗಲಿದ ಹಮಾಲ ಗಿರಿಯಪ್ಪನ ಸ್ಮರಣಾರ್ಥ.' ನಿಷ್ಠೆ ಅನ್ನುವುದನ್ನು ಸಾವ್ಕಾರ ತಾನಾಗಿಯೇ ಸೇರಿಸಿದ. ಕೆಳಗೆ ತನ್ನ ಹೆಸರು, ಅದರ ಕೆಳಗೆ ತಾರೀಖು, ಎರಡು ಗೆರೆ.

ಕೊಟ್ರೇಶ ಮೈಲೇಶನ ಕೈಗೆ ಕಪ್ಪು ತುರುಕಿದ. "ಸಾವ್ಕಾರ್ರ ಬಾಜೂಕ ನಿಂದ್ರು. ನಗಲೇ ಒಂಚೂರು."

"ಹಲಿಗಿಗೆ ಅಡ್ಡ ಆಗಾಕತ್ತೇನಿ," ಅಂದು ಮೈಲೇಶ ಒಂದು ಹೆಜ್ಜೆ ಸರಿದ. "ಈಗ ತಗಿ. ನನ್ನ ಫೋನಿನಾಗೂ ಒಂದು ತಗಿ."

ಕಾಫಿ ಪಾಕದಂತೆ ಸಿಹಿಯಿತ್ತು. ಫೋಟೋ ಆಗುವವರೆಗೂ ಸಾವ್ಕಾರ ಹೆಗಲಿನ ಕೈ ತೆಗೆಯಲಿಲ್ಲ. ಮೈಲೇಶ ಗುಟುಕು ಗುಟುಕಾಗಿ ಪೂರ್ತಿ ಕುಡಿದ, ಉಳಿಸಿದರೆ ಎಲ್ಲಿ ಅನುಮಾನ ಬರುತ್ತದೋ ಎಂದು.

ಹೊರಗೆ ಬಂದವನ ಹಿಂದೆ ಸಲಾವುದ್ದೀನನೂ ಬಂದ. ಇಬ್ಬರೂ ಹಣ್ಣಿನ ಗಾಡಿಯವರೆಗೆ ನಡೆದರು.

"ಫೋಟೋದಾಗ ನನ್ನ ಮುಖ ಬಂದೈತೇನು?"

ಮೈಲೇಶ ಫೋನು ತೆಗೆದು ನೋಡಿದ. ಸಾವ್ಕಾರ, ತಾನು, ಹಲಗೆ, ಮತ್ತು ಅಂಚಿನಲ್ಲಿ ಅರ್ಧ ತಲೆ, ಬಿಳಿ ಗಡ್ಡ. "ಬಂದೈತಿ ಕಾಕಾ. ಕತ್ತರಿಸಿ ಕಳಸ್ಲೇನು?"

ಸಲಾವುದ್ದೀನ ಫೋನಿನೊಳಗೆ ಬಗ್ಗಿ ನೋಡಿದ. "ಬ್ಯಾಡ. ಇರ್ಲಿ." ಮತ್ತೆ ಮಾರ್ಕೆಟ್ಟಿನ ಕಡೆ ನಡೆದ, ಕೆಲಸಕ್ಕೆ ತಡವಾಗಿದೆ ಅನ್ನುವವನ ಹಾಗೆ.

ಮೈಲೇಶ ಫೋಟೋ ಕಳಿಸಿದ. ಎರಡು ನಿಮಿಷಕ್ಕೆ ಶ್ರೀದೇವಿಯ ಉತ್ತರ ಬಂತು: 'ಇವತ್ತೇ ಫೋನ್ ತಗೊಂಡು ಆಫೀಸಿಗೆ ಬಾ. ಏನೂ ಡಿಲೀಟ್ ಮಾಡಬೇಡ.' ಹಾವೇರಿ ಬಸ್ಸು ಹೊರಡುವುದರಲ್ಲಿತ್ತು. ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ, ಅಂಗಡಿಯ ಕಡೆ ಒಮ್ಮೆ ನೋಡುವ ಮೊದಲೇ ಫೋನು ರಿಂಗಾಯಿತು. ಅವ್ವ.

"ಎಲ್ಲಿ ಅದಿ?" ಅವಳ ದನಿ ಬಟ್ಟೆ ಹಿಂಡಿದಂತೆ ಇತ್ತು. "ಬಾಜೂಮನಿ ನೀಲಗಂಗವ್ವ ಬಂದು ಫೋನ್ ತೋರಿಸಿ ಹೋದ್ಲು. ಅವನ ಬಾಜೂಕ ನಿಂತು ಕುಡ್ಯಾಕತ್ತಿಯಂತ. ನೋಡಿದೆ ನಾನೂ. ಹೆಗಲ ಮ್ಯಾಲೆ ಕೈ ಹಾಕಿಸ್ಕೊಂಡು."

"ಕುಡದೇನಿ ಯವ್ವಾ."

"ನಿಮ್ಮಪ್ಪಗ ಇನ್ನೂ ಎಡಿ ಇಟ್ಟಿಲ್ಲ ಇಲ್ಲಿ. ಹಣ್ಣು ತರಾಕ ಕಳಸಿದ್ನಿ ನಿನ್ನ. ಎಷ್ಟಕ್ಕ ಮಾರ್ಕೊಂಡಿ?"

ತಿರುಗಿ ಅಂದುಬಿಡುವ ನಾಲ್ಕು ಮಾತು ಮೈಲೇಶನ ತುಟಿಗೆ ಬಂದವು. ನುಂಗಿದ. ಇವತ್ತು ನುಂಗಿದ್ದರಲ್ಲಿ ಅದೇ ಹೆಚ್ಚು ಕಹಿ.

"ನಿನಗ ಓದಾಕ ಬರಂಗಿಲ್ಲ, ಮುಖಾ ಅಷ್ಟ ನೋಡೀದಿ. ಹಿಂದ ಒಂದು ಹಲಿಗಿ ಐತಿ. ಅದರಾಗ ಏನ ಬರದೈತಿ, ಓದ್ತೇನಿ ಕೇಳು."

ಫೋನನ್ನು ಕಿವಿಯಿಂದ ತೆಗೆದು, ಫೋಟೋ ಹಿಗ್ಗಿಸಿ, ಒಂದೊಂದೇ ಬಿಡಿಸಿ ಓದಿದ. ಮುಂದಿನ ಸೀಟಿನವರು ತಿರುಗಿ ನೋಡಿದರು. ನಿಷ್ಠೆಯಿಂದ ಅನ್ನುವಲ್ಲಿ ದನಿ ತಡವರಿಸಿತು.

ಆ ಕಡೆ ಲಟ್ಟಣಿಗೆ ಕೆಳಗಿಟ್ಟ ಸದ್ದು ಕೇಳಿಸಿತು.

"ಯಾರು ಬರದಾರ ಅದನ್ನ?"

"ಅಂವನ. ತನ್ನ ಕೈಲೆ. ಹನ್ನೆರಡು ಮಂದಿ ಮುಂದ."

"ಹದಿನಾಕು ವರ್ಷ ಅಂತ ಬರದಾನ?"

"ಬರದಾನ."

ಅವ್ವ ಮೂಗು ಏರಿಸಿಕೊಂಡಳು. ಕೊಡ ಎತ್ತಿದಂತೆ ತಾಮ್ರದ ಸದ್ದಾಯಿತು. "ನಳದ ಮುಂದ ಇನ್ನ ಮಂದಿ ಇದ್ದಾರು, ಅವರು ಇರೂದ್ರಾಗನ ನೀರು ತರ್ತೇನಿ," ಅಂದಳು. "ಹಣ್ಣು ಹಾವೇರಿಯಿಂದನ ತೊಗೊಂಡು ಬಾ. ಎಡಿ ಸಂಜಿಗೆ ಇಡೂಣು."